ಹೆಪ್ಪು ಕೊಡುವ ಓಣಿ

ಮನೆ ಕೊಳ್ಳಲು ಹೊರಟವರಿಗೆ ಮನೆಗಿಂತ ಮೊದಲು ಹೇಳಿ ನಗುವಂಥ ಪ್ರಸಂಗಗಳೇ ಸಿಗುತ್ತವೆ. ರಾಯಚೂರಿನಲ್ಲಿ ನಮಗೆ ಒಂದು ವರ್ಷ ಪೂರ್ತಿ, ವಾರಕ್ಕೊಂದರಂತೆ ಸಿಕ್ಕವು.

ನಾವಿದ್ದ ಬಾಡಿಗೆ ಮನೆಯ ಮಾಲೀಕರು ಮಗನ ಮದುವೆ ಗೊತ್ತು ಮಾಡಿ, "ಬರೋ ಶ್ರಾವಣದೊಳಗ ಬಿಟ್ಟುಕೊಡ್ರಿ, ಅವಸರ ಏನಿಲ್ಲ" ಅಂದರು. ಅವಸರ ಇಲ್ಲದ ಆ ಮನುಷ್ಯ ಮರುದಿನವೇ ಟೇಪು ತಂದು, ನಾವು ಊಟಕ್ಕೆ ಕೂತಿದ್ದಾಗ ನಮ್ಮ ಸುತ್ತ ಕೋಣೆಯ ಅಳತೆ ತೆಗೆದುಕೊಂಡರು. ಅವರು ಹೋದ ಮೇಲೆ ಅವ್ವ ರೊಟ್ಟಿ ಮುರಿಯುತ್ತ ಹೇಳಿದಳು: "ಬಾಡಿಗಿ ಮನಿ ಸಾಕು. ಶ್ರಾವಣಕ್ಕ ನನ್ನ ಹೊಸ್ತಿಲ ನಾ ತೊಳೀತೀನಿ."

ಅಪ್ಪ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಟ್ಟರು. ಯಾಕೆಂದರೆ ಊರಲ್ಲಿ ಆಗ ಯಾವ ಮನೆ ನೋಡಿ ಬಂದು ಎಂಟು ದಿನ ಬಿಟ್ಟು ಹೋದರೂ ಗೋಡೆ ಅವೇ ಇರುತ್ತಿದ್ದವು, ರೇಟು ಮಾತ್ರ ಒಂದು ಮಹಡಿ ಎದ್ದಿರುತ್ತಿತ್ತು.

ಅಪ್ಪನ ಬಸ್ಸು

ಅಪ್ಪ ರಾಯಚೂರು–ದೇವದುರ್ಗ ಬಸ್ಸಿನ ಕಂಡಕ್ಟರ್. ಟಿಕೆಟ್ ಕೊಡುತ್ತ ಒಬ್ಬ ಪರಿಚಯದ ಮಾಸ್ತರರಿಗೆ, "ಎಲ್ಲ್ಯರ ಮನಿ ಇದ್ರ ಹೇಳ್ರಿ" ಅಂದಿದ್ದೇ ತಪ್ಪಾಯಿತು. ಅಲ್ಲಿಂದ ಮುಂದೆ ಅದು ನಮ್ಮ ಮನೆಯ ವಿಷಯ ಆಗಿ ಉಳಿಯಲಿಲ್ಲ, ಬಸ್ಸಿನ ವಿಷಯ ಆಯಿತು. ಹಿಂದಿನ ಸೀಟಿನಿಂದ ಯಾರೋ, "ಕಂಡಕ್ಟ್ರ, ಮನಿ ಆತೇನ್ರೀ?" ಎಂದು ಕೂಗುವುದು, ಮುಂದಿನ ಸೀಟಿನ ಮುದುಕಿ, "ಇನ್ನಾ ಇಲ್ಲ, ಮೊನ್ನಿ ನೋಡಿದ್ದು ನೀರಿಂದು ತ್ರಾಸಂತ" ಎಂದು ಅಪ್ಪನ ಪರವಾಗಿ ಉತ್ತರ ಕೊಡುವುದು ದಿನದ ಮಾತಾಯಿತು.

ಒಂದು ದಿನ ಬಾಗಿಲು ಪೂರ್ವಕ್ಕಿರಬೇಕೋ ಉತ್ತರಕ್ಕೋ ಎಂದು ವಾದ ಹತ್ತಿತು. ಬಸ್ಸು ಎಡ–ಬಲ ಎರಡು ಪಂಗಡ. ಡ್ರೈವರಣ್ಣನೂ ಕನ್ನಡಿಯಲ್ಲಿ ನೋಡುತ್ತ ಪೂರ್ವದ ಕಡೆ ಸೇರಿಕೊಂಡ. ಇಬ್ಬರು ರೈತರು ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಅಪ್ಪನಿಗೆ ನೆನಪಾಗಿ, ಗಾಬರಿಯಿಂದ ಸೀಟಿ ಊದಿದರು. ಇಬ್ಬರೂ ಬಿಸಿಲಿಗೆ ಇಳಿದರು. ಬೈಗುಳ ಬಂತೆಂದು ಅಪ್ಪ ತಲೆ ತಗ್ಗಿಸಿದರೆ, ಒಬ್ಬ ಚೀಲ ಹೆಗಲಿಗೇರಿಸಿ ಹೇಳಿದ: "ನಾವು ನಡಕೋಂತ ಹೋಗ್ತೀವಿ ಬಿಡ್ರಿ. ಆದ್ರ ಉತ್ತರದ ಬಾಗಲ ಮಾತ್ರ ತಗೋಬ್ಯಾಡ್ರಿ ಮತ್ತ!"

ಮಧ್ಯಾಹ್ನ ಎರಡು ಗಂಟೆ

ಮನೆ ನೋಡಲು ಎಲ್ಲರೂ ಬೆಳಿಗ್ಗೆ ಹೋಗುತ್ತಾರೆ. ಅವ್ವ ಹೋಗುತ್ತಿದ್ದದ್ದು ಬೇಸಿಗೆಯ ಮಧ್ಯಾಹ್ನ ಎರಡಕ್ಕೆ. ಮನೆ ತೋರಿಸುವ ನಮ್ಮ ದಲಾಲಿ ತಲೆಗೆ ಒದ್ದೆ ಕರ್ಚೀಫು ಹಾಕಿಕೊಂಡು, "ಅಕ್ಕಾರ, ಕೈ ಮುಗೀತೀನಿ, ಮುಂಜಾನಿ ಬರ್ರಿ" ಎಂದು ಬೇಡುತ್ತಿದ್ದ.

"ಮುಂಜಾನಿ ಎಲ್ಲಾರ ಮನೀನೂ ತಂಪೇ ಇರ್ತದಪ್ಪಾ" ಎನ್ನುತ್ತಿದ್ದಳು ಅವ್ವ.

ಒಳಗೆ ಹೋದರೆ ಅವಳು ಗೋಡೆಗೆ ಅಂಗೈ ಇಟ್ಟು, ಜ್ವರ ಬಂದವರ ಹಣೆ ನೋಡಿದ ಹಾಗೆ ನೋಡುತ್ತಿದ್ದಳು. ನಾನು ಫೈಲು ಹಿಡಿದು ಹಿಂದೆ ನಿಲ್ಲುತ್ತಿದ್ದೆ. ಇಂಗ್ಲಿಷ್ ಮೀಡಿಯಂ ಓದಿದವಳೆಂದು ಕಾಗದಪತ್ರ ನೋಡುವ ಕೆಲಸ ನನ್ನದು, ಬಾಯಿ ಬಿಡುವ ಕೆಲಸ ಅವಳದು. ಇಬ್ಬರಿಗೂ ಅನುಕೂಲವಾಗಿತ್ತು.

ಒಬ್ಬ ಮಾಲೀಕ ಈ ಸುದ್ದಿ ಕೇಳಿ, ಬೆಳಿಗ್ಗೆಯಿಂದ ಕೂಲರ್ ಹಚ್ಚಿ ಮನೆಯನ್ನು ಮಡಕೆಯ ನೀರಿನಂತೆ ತಂಪು ಮಾಡಿಟ್ಟಿದ್ದ. "ನೋಡ್ರಿ, ನಮ್ಮ ಮನಿ ಹಿಂಗೇ ಇರ್ತದ" ಅಂದ. ಅವ್ವ ಹೊಗಳಿದಳು, ಕೂಲರ್ ಬಂದ್ ಮಾಡಿದಳು, ನೆಲದ ಮೇಲೆ ಕಾಲು ಚಾಚಿ ಕೂತಳು. ಅವನಿಗೆ ತನ್ನ ತವರೂರು ಕಲ್ಲೂರಿನ ಸುದ್ದಿ ಹೇಳತೊಡಗಿದಳು. ಮಾತು ಕಲ್ಲೂರಿನ ಕೆರೆ ದಾಟುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬಾವಿ ಮುಟ್ಟುವಷ್ಟರಲ್ಲಿ, "ಒಂದು ಫೋನ್ ಮಾಡಿ ಬರ್ತೀನ್ರಿ" ಎಂದು ಹೋಗಿ ಎದುರಿನ ಬೇವಿನ ನೆರಳಲ್ಲಿ ನಿಂತುಬಿಟ್ಟ.

ಅವ್ವ ಎದ್ದು ಸೆರಗು ಝಾಡಿಸಿದಳು. "ಬಾ ಯವ್ವಾ ಹೋಗೂಣು. ಬೇವಿನ ಗಿಡ ಮಾರಿದ್ರ ತಗೋತೀವಿ ಅಂತ ಹೇಳಿ ಬಾ ಅವಂಗ."

ಮಾನ್ವಿಯ ಪ್ಲಾಟು

ರಾಯಚೂರಿನ ರೇಟಿಗೆ ಸೋತು, ಪ್ಲಾಟು ತೆಗೆದುಕೊಂಡು ಕಟ್ಟಿದರಾಯಿತೆಂದು ಮಾನ್ವಿ ಕಡೆ ಹೋದೆವು. ದಲಾಲಿ ನಕ್ಷೆ ಬಿಚ್ಚಿ, ಜಾಲಿ ಗಿಡಗಳ ನಡುವೆ ಪಾರ್ಕು ತೋರಿಸಿದ, ಸಮುದಾಯ ಭವನ ತೋರಿಸಿದ. ನಮ್ಮ ಪ್ಲಾಟು ಮಾತ್ರ ತೋರಿಸಲಾಗಲಿಲ್ಲ. ನಂಬರು ಬರೆದ ಕಲ್ಲೇ ಇರಲಿಲ್ಲ.

ಹುಡುಕುತ್ತ ಹೋದರೆ ಕುರಿ ಕಾಯುವ ಒಬ್ಬ ಅಜ್ಜಿ ಮೂರು ಕಲ್ಲು ಹೂಡಿ ಚಹಾ ಕಾಸುತ್ತಿದ್ದಳು. ಒಲೆಯ ಒಂದು ಮಗ್ಗುಲಿಗೆ ಹದಿನಾಲ್ಕು ನಂಬರಿನ ಕಲ್ಲು, ಇನ್ನೊಂದಕ್ಕೆ ಹದಿನೈದು, ಹಿಂದಿನದಕ್ಕೆ ಇಪ್ಪತ್ತೆರಡು.

"ಯವ್ವಾ, ಹದಿನಾಕು ನಮ್ಮದು!" ದಲಾಲಿಗೆ ಅಳುವುದೊಂದು ಬಾಕಿ.

"ಒಯ್ಯೋ, ಬ್ಯಾಡಂದೋರು ಯಾರು?" ಅಂದಳು ಅಜ್ಜಿ. "ಚಾ ಉಕ್ಕಲಿ ತಡಿ. ಬರ್ರಿ, ನೀವೂ ಕುಂದರ್ರಿ."

ಕುರಿಹಾಲಿನ ಚಹಾ. ಅಷ್ಟು ರುಚಿಯಾದ ಚಹಾ ನಾನು ಮತ್ತೆ ಕುಡಿದಿಲ್ಲ. ಲೋಟ ಕೆಳಗಿಟ್ಟು ಅವ್ವ ಸುತ್ತಲೂ ನೋಡಿ ಹೇಳಿದಳು: "ಇಡೀ ಲೇಔಟಿನಾಗ ಒಲಿ ಹೊತ್ತಿದ್ದು ಇದೊಂದೇ ಮನಿ ನೋಡಪ್ಪ. ಇದನ್ನ ಮಾರಾಂಗಿದ್ರ ಹೇಳು."

ಹೆಪ್ಪು

ಇಷ್ಟೆಲ್ಲ ಆದ ಮೇಲೂ ಮನೆ ಒಪ್ಪಿಗೆಯಾದರೆ ಕೊನೆಯ ಪರೀಕ್ಷೆ ನನ್ನ ತಲೆಗೆ ಬರುತ್ತಿತ್ತು. ಪಕ್ಕದ ಮನೆಯ ಬಾಗಿಲು ಬಡಿದು ಹಾಲಿಗೆ ಹಾಕಲು ಚೂರು ಹೆಪ್ಪು ಕೇಳಬೇಕು. ಒಂದು ಚಮಚ ಮೊಸರು ಕೊಡದವರ ಪಕ್ಕದಲ್ಲಿ ಜೀವನ ಕಳೆಯುವುದು ಹೇಗೆ ಎಂಬುದು ಅವ್ವನ ಲೆಕ್ಕ. ಪರಿಚಯ ಇದ್ದವರ ಹತ್ತಿರವೇ ಮಾತು ಸೋಲುವ ನಾನು, ಬಟ್ಟಲು ಹಿಡಿದು ಗುರುತಿಲ್ಲದ ಬಾಗಿಲಲ್ಲಿ ಬೆವರುತ್ತ ನಿಲ್ಲುತ್ತಿದ್ದೆ.

ಒಬ್ಬಾಕೆ ಮಜ್ಜಿಗೆ ಕಡೆಯುತ್ತಲೇ "ನಮ್ಮಲ್ಲಿ ಮಸರ ಮಾಡಂಗಿಲ್ಲ" ಎಂದಳು. ಇನ್ನೊಬ್ಬಾಕೆ ಒಳಗೆ ಕರೆದು, ಹೆಪ್ಪು ಕೊಟ್ಟು, ರೊಟ್ಟಿ–ಪಲ್ಯ ಉಣಿಸಿ, ನನ್ನ ವಯಸ್ಸು ಕೇಳಿ, ತನ್ನ ತಮ್ಮನ ಫೋಟೋ ತೋರಿಸಿದಳು.

"ಭಾಳ ಚಲೋ ಓಣಿ" ಎಂದಳು ಅವ್ವ.

"ಈ ಓಣಿ ಬ್ಯಾಡವ್ವಾ" ಎಂದೆ. ಆ ವರ್ಷ ನಾನು ಬಾಯಿ ಬಿಟ್ಟು ಬೇಡವೆಂದ ಮನೆ ಅದೊಂದೇ.

ಶ್ರಾವಣಕ್ಕೆ ಇಪ್ಪತ್ತೇ ದಿನ ಉಳಿದಾಗ ರಾಯಚೂರಿನ ಹಳೇ ಓಣಿಯೊಂದರಲ್ಲಿ ಮನೆ ಸಿಕ್ಕಿತು. ಎರಡು ಗಂಟೆಗೂ ಗೋಡೆ ತಣ್ಣಗಿತ್ತು. ಅವ್ವನ ಕೈ ಗೋಡೆಯಿಂದ ಬೇಗ ಬರಲೇ ಇಲ್ಲ. ದಲಾಲಿ ಮಾತ್ರ ಹಲ್ಲು ಕಚ್ಚಿ ಹೇಳಿದ: "ಕಾರಿನಾಗ ಬಂದ ಪಾರ್ಟಿ ಜಾಸ್ತಿ ಹೇಳ್ಯಾರ ಅಕ್ಕಾರ. ಮಾಲಕರು ನಾಳಿ ಮಾತು ಕೊಡ್ತಾರ."

ಆ ಮನೆ ಕೈ ಬಿಟ್ಟಿತೆಂದೇ ಗೊತ್ತಿದ್ದರೂ ರೂಢಿ ಬಿಡಬೇಕಲ್ಲ. ನಾನು ಪಕ್ಕದ ಬಾಗಿಲು ಬಡಿದೆ. ಬೆಳ್ಳನೆ ಕೂದಲಿನ ಒಬ್ಬ ಅಮ್ಮ ತೆರೆದು, "ಹೆಪ್ಪಾ? ಬಾ ಬೇಟಿ, ಬಿಸಿಲಾಗ ಯಾಕ ನಿಂತಿ" ಎಂದು ತಮ್ಮದೇ ಬಟ್ಟಲಿನ ತುಂಬ ಗಟ್ಟಿ ಮೊಸರು ಕೊಟ್ಟರು. ಮರುದಿನ ಬಟ್ಟಲು ಬರಿದೇ ಕೊಡಬಾರದೆಂದು ಅವ್ವ ಅದರಲ್ಲಿ ಶೇಂಗಾ ಹಿಂಡಿ, ತಾನೇ ಕುಟ್ಟಿದ ಚಟ್ನಿಪುಡಿ, ತುಂಬಿ ಕಳಿಸಿದಳು.

ಸಂಜೆ ಆ ಖಾಲಿ ಮನೆಯಲ್ಲೇ ಮಾಲೀಕರ ದಾರಿ ಕಾಯುತ್ತ ಕೂತೆವು. ಬಂದು ಎದುರು ಕೂತವರು ಅದೇ ಅಮ್ಮ! ಮಗನ ಜೊತೆ ಪಕ್ಕದ ಮನೆಯಲ್ಲಿದ್ದು, ತಮ್ಮ ಹಳೇ ಮನೆ ಮಾರುತ್ತಿದ್ದರು. "ಅರೆ, ಮಾರಿ ನಾ ಎಲ್ಲಿಗೂ ಹೋಗಾಕಿ ಅಲ್ಲ, ಪಕ್ಕದಾಗೇ ಇರಾಕಿ" ಎಂದರು. "ಕಾರಿನವರು ರೊಕ್ಕ ಹೆಚ್ಚು ಅಂದ್ರು, ಖರೆ. ನನ್ನ ಬಾಗಲ ಮಾತ್ರ ಬಡೀಲಿಲ್ಲ. ಮೊದಲ ಹೇಳಿದ ರೇಟಿಗೇ ತಗೋರಿ. ಹಿಂಡಿ ಮಾತ್ರ ಬಂದ್ ಮಾಡಬ್ಯಾಡ್ರಿ."

ಅವ್ವ ಎದ್ದು ಹೋಗಿ ಆ ತಣ್ಣನೆ ಗೋಡೆಗೆ ಮತ್ತೊಮ್ಮೆ ಅಂಗೈ ಇಟ್ಟಳು. ಶ್ರಾವಣದ ಮೊದಲ ಸೋಮವಾರ ಅವಳು ತನ್ನ ಹೊಸ್ತಿಲನ್ನು ಮೂರು ಸಲ ತೊಳೆದಳು. ಅಪ್ಪನ ಬಸ್ಸಿನಲ್ಲಿ ಎಲ್ಲರಿಗೂ ಪೇಡೆ.

ವಾರ ಕಳೆದಿತ್ತು. ಮಧ್ಯಾಹ್ನ ಸರಿಯಾಗಿ ಎರಡು ಗಂಟೆ. ಬಾಗಿಲು ಬಡಿದ ಸದ್ದಾಯಿತು. ನನಗಿಂತಲೂ ನಾಚಿಕೆಯ ಹುಡುಗಿಯೊಬ್ಬಳು ಬಟ್ಟಲು ಹಿಡಿದು, ನೆಲ ನೋಡುತ್ತ ನಿಂತಿದ್ದಳು. "ಆಂಟಿ, ಚೂರು ಹೆಪ್ಪು…"

ಅವ್ವ ಮೊಸರು ಹಾಕುತ್ತ ಕತ್ತು ಚಾಚಿ ನೋಡಿದಳು. ಎದುರಿನ ಖಾಲಿ ಮನೆಯ ಮುಂದೆ ಹುಡುಗಿಯ ದಾರಿ ಕಾಯುತ್ತ ಗಂಡ–ಹೆಂಡತಿ ನಿಂತಿದ್ದರು. ಪಕ್ಕದಲ್ಲೇ, ತಲೆಗೆ ಒದ್ದೆ ಕರ್ಚೀಫು ಹಾಕಿದ ನಮ್ಮ ದಲಾಲಿ.

"ಏನಪ್ಪಾ ಇದು?" ಅಂದಳು ಅವ್ವ.

ಹುಡುಗಿ ಬಟ್ಟಲು ಹಿಡಿದು ಹೋದ ಮೇಲೆ ಅವನು ಓಡಿ ಬಂದು ಕೈ ಮುಗಿದು, ದನಿ ತಗ್ಗಿಸಿ ಹೇಳಿದ. "ಎಲ್ಲಾ ನಿಮ್ಮ ಪುಣ್ಯ ಅಕ್ಕಾರ! ಇದು ಹೆಪ್ಪು ಕೊಡೋ ಓಣಿ ಅಂತ ಹೇಳೇ ಆ ಮನಿ ರೇಟು ಎರಡು ಲಕ್ಷ ಏರಿಸೀನಿ!"

ರೇಟು ಏರಿಸುವವರನ್ನು ವರ್ಷವಿಡೀ ಬೈದಿದ್ದ ಅವ್ವ, ಮೊಸರಿನ ಚಮಚ ಹಿಡಿದು ತನ್ನ ಹೊಸ್ತಿಲ ಮೇಲೆ ನಿಂತೇ ಇದ್ದಳು.