ಔರಂಗಜೇಬನ ಎಸ್ಟೇಟು

ನಾನು ನಿಂತಿದ್ದ ಜಾಗವನ್ನು ಮೊದಲು ಸರಿಯಾಗಿ ಹೇಳಿಬಿಡುತ್ತೇನೆ. ಕೊಟ್ಟಿಗೆಹಾರದಿಂದ ಒಳರಸ್ತೆ ಹಿಡಿದು ಬಂದರೆ ಸಿಗುವ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಕೊನೆಯ ಕೋಣೆ. ಕರಿಹಲಗೆಯ ಎಡಗಡೆ, ಭಾರತದ ನಕಾಶೆ ತೂಗುಹಾಕಿದ್ದ ಮೊಳೆಯ ಕೆಳಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಫೆಬ್ರವರಿ, ಗುರುವಾರ, ಬೆಳಗಿನ ಎರಡನೆಯ ಪಿರಿಯಡ್ಡು. ಬಲಗೈಯಲ್ಲಿ ಬೆತ್ತ, ಬೆತ್ತದ ತುದಿ ಗೋಲ್ಕೊಂಡದ ಮೇಲೆ. ಇಷ್ಟು ವಿವರ ಯಾಕೆಂದರೆ, ಈ ಪ್ರಸಂಗವನ್ನು ಮೂಡಿಗೆರೆಯ ಬಸ್‌ಸ್ಟ್ಯಾಂಡಿನಲ್ಲೂ ಶಿಕ್ಷಕರ ಸಭೆಗಳಲ್ಲೂ ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳುವುದನ್ನು ನಾನೇ ಕೇಳಿದ್ದೇನೆ. ಒಬ್ಬರ ಪ್ರಕಾರ ನಾನು ಕಿಟಕಿಯಿಂದ ಹಾರಿದೆನಂತೆ. ಹಾರಲಿಲ್ಲ. ಆ ಕಿಟಕಿಗೆ ಸರಳುಗಳಿದ್ದವು. ಇರದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ನಾನು ಕಡೂರು ಕಡೆಯ ಬಯಲಿನವನು. ಸಮಾಜ ವಿಜ್ಞಾನ ಕಲಿಸಲು ಈ ಬೆಟ್ಟಕ್ಕೆ ಬಂದಾಗ ನನ್ನ ಮೊದಲ ತೊಡಕು ಪಾಣಿಪತ್. ‘ವಿಶಾಲವಾದ ಬಯಲಿನಲ್ಲಿ ಎರಡು ಸೈನ್ಯಗಳು ಎದುರುಬದುರಾದವು’ ಎಂದು ಓದಿ ಹೇಳಿದೆ. ಮಕ್ಕಳ ತಲೆಗೇ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಬಯಲನ್ನೇ ನೋಡಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಗುಡ್ಡ, ಗುಡ್ಡದ ಹಿಂದೆ ಇನ್ನೊಂದು ಗುಡ್ಡ. ಸಮತಟ್ಟಾದ ನೆಲವೆಂದರೆ ಕಾಫಿ ಒಣಗಿಸುವ ಕಣ ಮಾತ್ರ. ಹೀಗಾಗಿ ನಮ್ಮ ಶಾಲೆಯಲ್ಲಿ ಪಾಣಿಪತ್ ಕದನ ಕಾಫಿ ಕಣದಲ್ಲಿ ನಡೆಯಿತು. ಲೋದಿಯ ಆನೆಗಳು ಬಾಬರನ ಫಿರಂಗಿಗೆ ಬೆದರಿ ಹಿಂದಕ್ಕೆ ನುಗ್ಗಿದ ಭಾಗವನ್ನಂತೂ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. “ಆನೆಗೆ ಪಟಾಕಿ ಅಂದ್ರೆ ಆಗಲ್ಲ ಸಾರ್, ಅಷ್ಟೂ ಗೊತ್ತಿರ್ಲಿಲ್ವಾ ಅವನಿಗೆ?” ಎಂದು ಹಿಂದಿನ ಸಾಲಿನವರು ಲೋದಿಯ ಬಗ್ಗೆ ಬೇಸರ ಪಟ್ಟುಕೊಂಡರು. ಅವರ ಬಾಳೆತೋಟಕ್ಕೆ ಹಿಂದಿನ ವಾರವಷ್ಟೇ ಆನೆ ಬಂದಿತ್ತು.

ಒಮ್ಮೆ ದಾರಿ ಸಿಕ್ಕ ಮೇಲೆ ನಾನು ಅದನ್ನು ಬಿಡಲಿಲ್ಲ. ಮೊಘಲರ ಆಡಳಿತ ಬಂದಾಗ ಇಡೀ ಸಾಮ್ರಾಜ್ಯವನ್ನೇ ಎಸ್ಟೇಟು ಮಾಡಿಬಿಟ್ಟೆ. ಚಕ್ರವರ್ತಿಯೆಂದರೆ ಸಾಹುಕಾರರು, ಅಂದರೆ ತೋಟದ ಮಾಲೀಕರು. ಸುಬೇದಾರನೆಂದರೆ ಮ್ಯಾನೇಜರು. ಲೆಕ್ಕ ನೋಡುವ ದಿವಾನನೆಂದರೆ ರೈಟರು. ಮನ್ಸಬ್‌ದಾರನೆಂದರೆ ಆಳುಗಳನ್ನು ಕರೆತರುವ ಮೇಸ್ತ್ರಿ; ಎಷ್ಟು ಕುದುರೆ ಸವಾರರನ್ನು ತರುತ್ತಾನೋ ಅಷ್ಟು ಅವನ ದರ್ಜೆ. ಕೆಲವು ಮನ್ಸಬ್‌ದಾರರು ಇಲ್ಲದ ಕುದುರೆಗಳನ್ನು ಇವೆಯೆಂದು ತೋರಿಸುತ್ತಿದ್ದರು, ಅದಕ್ಕೇ ಅಕ್ಬರ್ ಕುದುರೆಗಳಿಗೆ ಮುದ್ರೆ ಹಾಕಿಸಿದ ಎಂದಾಗ ತರಗತಿಯಲ್ಲಿ ಸಣ್ಣಗೆ ನಗು ಹಬ್ಬಿತು. ನಾನು ಪಾಠ ಅರ್ಥವಾದುದಕ್ಕೆ ನಕ್ಕರೆಂದು ಸಂತೋಷಪಟ್ಟೆ. ಅರ್ಥವಾಗಿತ್ತು ನಿಜ, ನಾನು ತಿಳಿದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಆಗಿತ್ತು.

ಪರೀಕ್ಷೆಯಲ್ಲಿ ಇದರ ಫಲ ಕಾಣಿಸತೊಡಗಿತು. ‘ಅಕ್ಬರನು ಒಳ್ಳೆಯ ಸಾಹುಕಾರನಾಗಿದ್ದನು. ಮಳೆಗಾಲಕ್ಕೆ ಮುಂಚೆ ಎಲ್ಲರಿಗೂ ಕಂಬಳಿ ಕೊಡುತ್ತಿದ್ದನು’ ಎಂದು ಎಸ್ಟೇಟಿನ ರೂಢಿಯನ್ನೇ ಅರ್ಧ ತರಗತಿ ಬರೆದಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿ ಸರೋಜಮ್ಮನವರು ನನ್ನನ್ನು ಕರೆದು, “ಏನ್ ಮೇಷ್ಟ್ರೇ, ಅಕ್ಬರ್ ಯಾವಾಗ ಕಂಬಳಿ ಕೊಟ್ಟ?” ಎಂದರು.

“ಕೊಡಲಿಲ್ಲ ಅಂತ ಪಠ್ಯದಲ್ಲಿ ಎಲ್ಲೂ ಇಲ್ಲ ಮೇಡಂ.”

“ಡೆಲ್ಲಿಯ ಸೆಕೆಗೆ ಕಂಬಳಿ ಹೊದ್ದು ಸಾಯ್ಬೇಕಿತ್ತಾ ಆ ಜನ?” ಎಂದು ಕೇಳಿದರೂ ಅಂಕ ಕಡಿಮೆ ಮಾಡಲು ಹೇಳಲಿಲ್ಲ. ಮಕ್ಕಳು ಮೊದಲ ಬಾರಿಗೆ ಪುಟ ತುಂಬ ಬರೆದಿದ್ದರು.

ಆ ವರ್ಷ ಸರೋಜಮ್ಮನವರ ತಲೆಯಲ್ಲಿ ಅಕ್ಬರನಿಗಿಂತ ದೊಡ್ಡ ಚಿಂತೆಯೊಂದಿತ್ತು. ಆರನೆಯ ಮತ್ತು ಏಳನೆಯ ತರಗತಿಗಳು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂರುತ್ತಿದ್ದವು. ಇಲಾಖೆಯಿಂದ ಬಂದ ಸಾಹೇಬರು, ಜೂನ್ ಹೊತ್ತಿಗೆ ಏಳನೆಯದಕ್ಕೆ ಬೇರೆ ಕೋಣೆ ಆಗದಿದ್ದರೆ ಆ ತರಗತಿ ಮುಚ್ಚಿ ಮಕ್ಕಳನ್ನು ಕೊಟ್ಟಿಗೆಹಾರಕ್ಕೆ ಕಳಿಸಿ ಎಂದಿದ್ದರು. ಗಂಡುಹುಡುಗರು ಹೇಗೋ ಜೀಪಿಗೆ ಜೋತುಬಿದ್ದಾದರೂ ಹೋದಾರು. ಆ ಮಳೆಯಲ್ಲಿ, ಆ ರಸ್ತೆಯಲ್ಲಿ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಅವರ ಓದು ಆರಕ್ಕೇ ನಿಲ್ಲುತ್ತದೆ. ಆರನೆಯ ತರಗತಿಯ ಹುಡುಗಿಯರಿಗೂ ಇದು ಗೊತ್ತಿತ್ತು. ಶಾಲೆಯ ಪಕ್ಕದ ಎಸ್ಟೇಟಿನದೊಂದು ಗೋಡೌನು ರಸ್ತೆ ಬದಿಯಲ್ಲಿ ಖಾಲಿ ಬಿದ್ದಿತ್ತು. ಅದನ್ನು ಬಿಟ್ಟುಕೊಡಿ ಎಂದು ಸರೋಜಮ್ಮನವರು ಎಸ್ಟೇಟಿನ ಮಾಲೀಕರಾದ ಲೋಕಪ್ಪಗೌಡರ ಚಿಕ್ಕಮಗಳೂರಿನ ಮನೆಗೆ ಹೋಗಿ ಕೇಳಿದ್ದರು. ಗೌಡರು ಅಲ್ಲೇ ವಾಸ, ತಿಂಗಳಿಗೊಮ್ಮೆ ತೋಟಕ್ಕೆ ಬರುವವರು. “ಒಂದಿನ ಬಂದು ಶಾಲೆ ನೋಡ್ತೀನಿ, ಆಮೇಲೆ ಹೇಳಣ” ಎಂದಿದ್ದರಂತೆ.

ಆ ಒಂದಿನವೇ ಈ ಗುರುವಾರ. ಗೌಡರು ಬಾಗಿಲಲ್ಲಿ ಕಾಣಿಸಿಕೊಂಡರು. ಹಿಂದೆ ಎಸ್ಟೇಟಿನ ರೈಟರ್ ಶೇಷಪ್ಪ, ಅವರ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತ ಸರೋಜಮ್ಮನವರು. ಮಕ್ಕಳು ಎದ್ದು ನಮಸ್ತೆ ಹೇಳಿದರು. ಗೌಡರು ನನ್ನ ಕುರ್ಚಿಯಲ್ಲಿ ಕೂತರು. ದಪ್ಪ ಮೀಸೆ, ಮೆತ್ತಗಿನ ಮಾತು.

“ಏನ್ ಪಾಠ ನಡೀತಿದೆ ಮೇಷ್ಟ್ರೇ?”

“ಮೊಘಲರ ಪತನ ಸಾರ್.”

“ಹೌದಾ. ಅಷ್ಟ್ ದೊಡ್ಡ ರಾಜ್ಯ ಯಾಕ್ ಬಿತ್ತು? ಯಾರಾದ್ರೂ ಹೇಳಿ ನೋಡಣ.”

ಏಳನೆಯ ತರಗತಿಯ ಕೈಗಳೆಲ್ಲ ಮೇಲೆದ್ದವು. ಆರನೆಯ ತರಗತಿಯವೂ ಎದ್ದವು. ಇಲ್ಲಿ ನಾನು ಒಂದು ಕ್ಷಣ ಯೋಚಿಸಿದೆ, ಯೋಚಿಸದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಸ್ಟೇಟಿನವರೇ ಬಂದಿರುವಾಗ ಎಸ್ಟೇಟಿನವರ ಮಗಳೇ ಹೇಳಿದರೆ ಚೆಂದ ಎಂದುಕೊಂಡು, ರೈಟರ್ ಶೇಷಪ್ಪನವರ ಮಗಳು ಸವಿತಳನ್ನು ಎಬ್ಬಿಸಿದೆ. ತರಗತಿಯಲ್ಲಿ ಅವಳಷ್ಟು ಸ್ಪಷ್ಟವಾಗಿ ಮಾತಾಡುವವರು ಬೇರೆ ಇರಲಿಲ್ಲ. ಶೇಷಪ್ಪನವರು ಹೆಮ್ಮೆಯಿಂದ ಅಂಗಿಯ ಕಾಲರ್ ಸರಿಮಾಡಿಕೊಂಡರು.

ಸವಿತ ಕೈಕಟ್ಟಿ ನಿಂತು ಹೇಳಿದಳು: “ಔರಂಗಜೇಬ ಡೆಲ್ಲಿ ಎಸ್ಟೇಟ್ ಬಿಟ್ಟು ದಕ್ಷಿಣಕ್ಕೆ ಹೋದ. ಅಲ್ಲೇ ಉಳ್ಕೊಂಡ. ವರ್ಷಗಟ್ಲೆ ಈ ಕಡೆ ತಲೆ ಹಾಕ್ಲಿಲ್ಲ.”

“ಎಸ್ಟೇಟಾ?” ಎಂದರು ಗೌಡರು.

“ಸಾಮ್ರಾಜ್ಯ ಸಾರ್,” ಎಂದೆ ನಾನು. “ಮಕ್ಕಳಿಗೆ ತಿಳೀಲಿ ಅಂತ...”

“ಇರ್ಲಿ ಇರ್ಲಿ. ತಲೆ ಹಾಕ್ಲಿಲ್ಲ, ಆಮೇಲೆ ಏನಾಯ್ತು ಮಗ?”

“ಸಾವ್ಕಾರ್ರು ಊರಲ್ಲಿ ಇಲ್ದಿದ್ರೆ ಏನಾಗುತ್ತೋ ಅದೇ ಆಯ್ತು.”

“ಏನಾಗುತ್ತೆ?”

“ಅರ್ಧ ಆಳು ಬಂದಿದ್ರೂ ಪೂರ್ತಿ ಬಂದಿದಾರೆ ಅಂತ ಹಾಜರಿ ಬೀಳುತ್ತೆ. ಮೇಸ್ತ್ರಿಗಳು ಮೇಸ್ತ್ರಿಗಳೇ ಮಾತಾಡ್ಕೊಳ್ತಾರೆ.”

“ಮನ್ಸಬ್‌ದಾರರು ಸಾರ್, ಕುದುರೆಗಳ ವಿಷಯ,” ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು. ಶೇಷಪ್ಪನವರಿಗೆ ಕೆಮ್ಮು ಬಂತು. ಆ ಕೆಮ್ಮಿನಲ್ಲಿ ಹೆಂಡತಿಗೂ ಮಗಳಿಗೂ ಮಾತ್ರ ಅರ್ಥವಾಗುವ ಏನೋ ಇತ್ತು. ಆದರೆ ಮಗಳು ಪಾಠದಲ್ಲಿ ಮುಳುಗಿದ್ದಳು. ಸರೋಜಮ್ಮನವರು, “ಕಾಫಿ ಆಗಿದೆ ಗೌಡ್ರೇ, ಆಫೀಸ್ ರೂಮಿಗೆ ಹೋಗಣ” ಎಂದರು. ಕಾಫಿ ಆಗಿರಲಿಲ್ಲ. ಹಾಲೇ ಬಂದಿರಲಿಲ್ಲ.

“ಕಾಫಿ ನಮ್ಮನೇಲೇ ಬೆಳೆಯುತ್ತೆ ಟೀಚರ್, ಇದು ಸಿಗಲ್ಲ,” ಎಂದು ಗೌಡರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅಲ್ಲ ಮಗ, ಹಿಂಗೆಲ್ಲ ಆಗ್ತಿದೆ ಅಂತ ಔರಂಗಜೇಬನಿಗೆ ಯಾರೂ ಹೇಳ್ಲಿಲ್ವಾ?”

“ಹೇಳ್ಬೇಕಾಗಿದ್ದು ದಿವಾನ. ಅಂದ್ರೆ ರೈಟ್ರು...” ಎಂದು ಸವಿತ ನಿಲ್ಲಿಸಿದಳು. ಆಗಷ್ಟೇ ಅವಳ ಕಣ್ಣು ಬಾಗಿಲ ಪಕ್ಕ ನಿಂತಿದ್ದ ಅಪ್ಪನ ಮೇಲೆ ಬಿತ್ತು. ಗೋಡೌನು ನನ್ನ ಕಣ್ಣೆದುರೇ ದೂರ ದೂರ ಹೋಗುತ್ತಿತ್ತು. ಅದರ ಹಿಂದೆ ಏಳನೆಯ ತರಗತಿಯ ಬೆಂಚುಗಳು, ಅವುಗಳ ಹಿಂದೆ ಆರನೆಯ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಹೊರಟಂತೆ ಕಂಡಿತು.

“ಮತ್ತೆ ಅವನೇನ್ ಮಾಡ್ಬೇಕಿತ್ತು?” ಗೌಡರು ಇನ್ನೂ ಮೆತ್ತಗೆ ಕೇಳಿದರು.

ಅಪ್ಪನ ಮುಖದಿಂದ ಕಣ್ಣು ಕಿತ್ತು ಸವಿತ ನಕಾಶೆಯ ಕಡೆ ನೋಡಿದಳು. “ಯಾವಾಗ್ಲೋ ಒಂದ್ಸಲ ಬಂದು ಜೀಪಲ್ಲೇ ಕೂತು ನೋಡಿ ಹೋದ್ರೆ ಆಗಲ್ಲ. ಇಳಿದು ತೋಟದ ಒಳಗೆ ನಡೀಬೇಕು. ಕೆಲ್ಸದವ್ರ ಹತ್ರ ನೇರ ಮಾತಾಡ್ಬೇಕು.”

ಪಾಠಕ್ಕೆ ಸಂಬಂಧಪಟ್ಟಂತೆ ನಾನು ಪ್ರಮಾಣ ಮಾಡಿ ಹೇಳಬಲ್ಲೆ: ಔರಂಗಜೇಬನಿಗೆ ಜೀಪು ಕೊಟ್ಟವನು ನಾನಲ್ಲ.

ಶೇಷಪ್ಪನವರು ಗಂಟಲು ಸರಿಮಾಡಿಕೊಂಡು, “ನಮ್ ಹುಡ್ಗಿಗೆ ಹಿಸ್ಟ್ರಿ ಸ್ವಲ್ಪ ಜಾಸ್ತಿ, ಗೌಡ್ರೇ” ಎಂದರು.

“ಜಾಸ್ತಿ ಆದ್ರೆ ಒಳ್ಳೇದೇ ಅಲ್ವ ಮಾರಾಯ,” ಎಂದು ಗೌಡರು ಎದ್ದರು. “ಇವತ್ತು ರೊಬಸ್ಟಾ ಹಣ್ಣು ಕುಯ್ಯಕ್ಕೆ ಎಷ್ಟ್ ಜನ ಬಂದಿದಾರೆ ಅಂದೆ?”

“ಸುಮಾರ್ ಜನ ಬಂದಿದಾರೆ.”

“ನಡಿ, ನೋಡ್ಕೊಂಡೇ ಬರಣ. ಜೀಪ್ ಇಲ್ಲೇ ಇರ್ಲಿ.”

ಬಾಗಿಲ ತನಕ ಹೋದವರು ತಿರುಗಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಎಲ್ರಿಗೂ ಒಂದೊಂದು ಕೆಲ್ಸ ಹಂಚಿದೀರಲ್ಲ ಮೇಷ್ಟ್ರೇ. ಈ ಎಸ್ಟೇಟಲ್ಲಿ ನೀವು ಯಾರು?”

ನಾನು ಅದನ್ನು ಯಾವತ್ತೂ ಯೋಚಿಸಿರಲಿಲ್ಲ. ಮಕ್ಕಳು ಯೋಚಿಸಿದ್ದರೆಂದು ಕಾಣುತ್ತದೆ. ಸವಿತಳೇ ಹೇಳಿದಳು: “ಸಾರ್ ಮಳೆ ಅಳೆಯೋರು. ಬೆಳಿಗ್ಗೆ ಎದ್ದು ನಿನ್ನೆ ಎಷ್ಟಿಂಚು ಬಿತ್ತು ಅಂತ ನೋಡಿ ಹೇಳ್ತಾರಲ್ಲ, ಅವ್ರು. ಮಳೆ ಬರ್ಸೋದೂ ಇಲ್ಲ, ನಿಲ್ಸೋದೂ ಇಲ್ಲ.”

ಗೌಡರು ಮೊದಲ ಬಾರಿಗೆ ನಕ್ಕರು. ಸರೋಜಮ್ಮನವರೂ ನಕ್ಕರು, ಅವರು ನಗಬಾರದಿತ್ತು. ಇತಿಹಾಸ ಬೋಧನೆಯ ಬಗ್ಗೆ ತರಬೇತಿ ಕೇಂದ್ರದಲ್ಲಿ ನನಗೆ ಉದ್ದುದ್ದ ಉಪನ್ಯಾಸಗಳಾಗಿದ್ದವು. ಯಾವುದರಲ್ಲೂ ನನ್ನ ಕೆಲಸವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿರಲಿಲ್ಲ. ಆ ದಿನ ನನಗೆ ಹಾಗನ್ನಿಸಲಿಲ್ಲ, ಅದು ಬೇರೆ ಮಾತು. ಆ ದಿನ ನಾನು ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ.

ಮುಂದಿನ ಸೋಮವಾರ ಗೋಡೌನಿನ ಬೀಗದ ಕೈ ಬಂತು. ತಂದವರು ಶೇಷಪ್ಪನವರೇ. ಅವರ ಕೆಲಸ ಹೋಗಿರಲಿಲ್ಲ. ಗೌಡರು ಮಾತ್ರ ಎಸ್ಟೇಟ್ ಬಂಗಲೆಗೆ ಹಾಸಿಗೆ ತರಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಕೋಲು ಹಿಡಿದು ತೋಟವೆಲ್ಲ ನಡೆಯುತ್ತಿದ್ದರು, ಹಿಂದೆ ಶೇಷಪ್ಪನವರೂ ನಡೆಯಬೇಕಿತ್ತು. ಅವರ ಹೊಟ್ಟೆ ಆಗಲೇ ಸ್ವಲ್ಪ ಇಳಿದಂತೆ ಕಂಡಿತು. ಕೀಲಿಕೈಯನ್ನು ಮೇಜಿನ ಮೇಲಿಟ್ಟು, “ಮುಂದಿನ ಪಾಠ ಯಾವ್ದು ಮೇಷ್ಟ್ರೇ?” ಎಂದರು.

“ಬ್ರಿಟಿಷರ ಆಗಮನ.”

“ಅದ್ರಲ್ಲಿ ನಮ್ ಹುಡ್ಗೀನ ದಯವಿಟ್ಟು ಎಬ್ಬಿಸ್ಬೇಡಿ.”

ಇದನ್ನು ಕಣ್ಣಾರೆ ಕಂಡವರಲ್ಲಿ ಲೋಕಪ್ಪಗೌಡರು ಈಗಿಲ್ಲ. ಸರೋಜಮ್ಮನವರು ನಿವೃತ್ತರಾಗಿ ಮೂಡಿಗೆರೆಯಲ್ಲಿದ್ದಾರೆ. ಆ ದಿನ ಕಾಫಿ ನಿಜವಾಗಿಯೂ ಆಗಿತ್ತು ಎಂದು ಈಗಲೂ ಸಾಧಿಸುತ್ತಾರೆ. ಶೇಷಪ್ಪನವರು ಗಟ್ಟಿಯಾಗಿದ್ದಾರೆ, ತಾವು ಆ ಕೋಣೆಗೆ ಬಂದೇ ಇರಲಿಲ್ಲ ಎನ್ನುತ್ತಾರೆ. ಸವಿತ ಹೊಸ ಗೋಡೌನು ಕೋಣೆಯ ಮೊದಲ ಏಳನೆಯ ತರಗತಿಯವಳಾಗಲಿಲ್ಲ, ಅಷ್ಟರಲ್ಲಿ ಅವಳ ಏಳನೆಯದು ಮುಗಿದಿತ್ತು. ಅಲ್ಲಿ ಕೂತವರು ಅವಳ ಬೆನ್ನ ಹಿಂದೆ ಆರನೆಯದರಲ್ಲಿದ್ದ ಹುಡುಗಿಯರು. ಅವಳೀಗ ಮಲ್ಲಂದೂರಿನ ಕಡೆ ಮದುವೆಯಾಗಿ ಹೋಗಿ, ಅಲ್ಲಿಯ ಪಂಚಾಯಿತಿ ಸದಸ್ಯೆ. ಮೊನ್ನೆ ಚಿಕ್ಕಮಗಳೂರಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು. ಅಷ್ಟು ಹೊತ್ತು ಅಪ್ಪನ ಎದುರಿಗೇ ಹೆದರದೆ ಹೇಗೆ ಹೇಳಿದೆಯಮ್ಮ, ನಾನಂತೂ ಕಲ್ಲಾಗಿ ನಿಂತುಬಿಟ್ಟಿದ್ದೆ ಎಂದೆ.

“ನೀವಾ ಸಾರ್?” ಎಂದಳು ಸವಿತ. “ನಾನು ಒಂದೊಂದ್ ಮಾತು ಹೇಳ್ದಾಗ್ಲೂ ನೀವು ಹೌದು ಹೌದು ಅಂತ ತಲೆ ಆಡಿಸ್ತಾ ಇದ್ರಿ. ಅದ್ನ ನೋಡ್ಕೊಂಡೇ ನಾನು ಮುಂದಕ್ಕೆ ಹೋಗಿದ್ದು.”