ಸದಾನಂದ ಉಟ್ಟ ಇಳಕಲ್ ಸೀರೆ

ಟಿ.ವಿ. ನೋಡುವುದಕ್ಕಿಂತ ಟಿ.ವಿ. ನೋಡುವವರ ಮುಖ ನೋಡುವುದೇ ನನಗೆ ಹೆಚ್ಚು ಇಷ್ಟ. ಧಾರಾವಾಹಿಯ ಸೊಸೆ ಅತ್ತರೆ ನನ್ನ ಹೆಂಡತಿ ಗಿರಿಜಾಳ ಮೂಗು ಕೆಂಪಾಗುತ್ತದೆ. ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದರೆ ಕೆಳಗಿನ ಮನೆಯ ವಸಂತಕ್ಕ ತಾನೇ ಔಟಾದವರಂತೆ ಎದ್ದು ನೀರು ಕುಡಿಯಲು ಹೋಗುತ್ತಾರೆ. ಖರ್ಚಿಲ್ಲದ ಮನರಂಜನೆ ಇದು. ಕಚ್ಚಾ ಎಣ್ಣೆಯ ಬೆಲೆ ನೆಲಕಚ್ಚಿದ ಆ ವರ್ಷಗಳಲ್ಲಿ ಮಸ್ಕತ್ತಿನ ನಮ್ಮಂಥವರಿಗೆ ಖರ್ಚಿಲ್ಲದ್ದೆಲ್ಲ ಬಹಳ ಪ್ರಿಯವಾಗಿತ್ತು. ಆಫೀಸಿನಲ್ಲಿ ಮೊದಲು ಬಿಸ್ಕತ್ತು ನಿಂತಿತು, ಆಮೇಲೆ ಚಹಾ ನಿಂತಿತು, ಆಮೇಲೆ ಚಹಾ ಕುಡಿಯುತ್ತಿದ್ದವರೇ ಒಬ್ಬೊಬ್ಬರಾಗಿ ಕಡಿಮೆಯಾದರು. ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಎಲ್ಲರೂ ಕನ್ನಡ ಚಾನೆಲ್ಲುಗಳನ್ನು ತೆಗೆಸಿಹಾಕಿದರು. ನಮ್ಮ ಮನೆಯಲ್ಲಿ ಮಾತ್ರ ಉಳಿದವು. "ಬೇಕಾದ್ರ ನಿಮ್ಮ ಪೇಪರ್ ಬಿಡಸ್ರಿ" ಎಂದಳು ಗಿರಿಜಾ. ಬಿಡಿಸಿದೆ.

ಹಾಗೆ ಆಫೀಸಿನಲ್ಲಿ ಕಡಿಮೆಯಾದವರಲ್ಲಿ ಸದಾನಂದನೂ ಒಬ್ಬ. ಕಾರ್ಕಳದ ಕಡೆಯವನು, ನಮ್ಮಲ್ಲಿ ನಕ್ಷೆ ಬಿಡಿಸುವ ಕೆಲಸ. ದಿನವೂ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಜೈಬಾದ ಆಫೀಸಿಗೆ ಬರುತ್ತಿದ್ದ. ನಾನು ದಾರಿಯುದ್ದಕ್ಕೂ ಎ.ಸಿ.ಯ ದಿಕ್ಕು, ಮುಂದಿನ ಕಾರಿನವನ ಅಜ್ಞಾನ, ಸೀಟಿನ ಮೇಲೆ ಬಿದ್ದ ಚಕ್ಕುಲಿಯ ಪುಡಿ ಇವುಗಳ ಬಗ್ಗೆ ಉಪಯುಕ್ತ ಮಾಹಿತಿ ಕೊಡುತ್ತಿದ್ದೆ. ಅವನು ಕಣ್ಣು ಮಿಟುಕಿಸದೆ ನೋಡುತ್ತ ಕೇಳುತ್ತಿದ್ದ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ನಮ್ಮ ವಂಶದಲ್ಲೇ ಯಾರೂ ಇಲ್ಲ. ಹೀಗಾಗಿ ನನಗೆ ಅವನ ಮೇಲೆ ಬಲು ಪ್ರೀತಿ. ಊರಿನ ನಾಟಕಗಳಲ್ಲಿ ಅವನು ಚಿಕ್ಕಂದಿನಿಂದ ಹೆಣ್ಣುವೇಷ ಹಾಕುತ್ತಿದ್ದನೆಂಬುದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಿರಿಜಾಳಿಗೆ ಮಾತ್ರ ಹೇಳಿದ್ದ.

ಒಂದು ದಿನ ಅವನ ಕೆಲಸವೂ ಖಲಾಸ್ ಆಯಿತು. ಹೊರಡುವ ಮುನ್ನ ನಮ್ಮಲ್ಲಿ ಊಟಕ್ಕೆ ಬಂದಾಗ ಗಿರಿಜಾ ತವರಿನವರು ಕೊಟ್ಟ ಕೆಂಪು ಸೆರಗಿನ ಇಳಕಲ್ ಸೀರೆಯನ್ನು ತಂದು ಅವನ ಕೈಗಿಟ್ಟಳು. "ಊರಿಗೆ ಹೋಗಿ ಸುಮ್ನ ಕೂಡಬ್ಯಾಡೋ ತಮ್ಮಾ, ವೇಷ ಕಟ್ಟು" ಎಂದಳು. ಅವನ ಕಣ್ಣು ತುಂಬಿತು. ಆದರೆ ಯಾರಾದರೂ ಒಬ್ಬರು ವ್ಯವಹಾರದ ಮಾತು ಆಡಬೇಕಲ್ಲ. "ವೇಷ ಹೊಟ್ಟಿ ತುಂಬಸೂದಿಲ್ಲೋ. ಇನ್ನೊಂದು ನೌಕರಿ ಹುಡುಕು. ನನಗೇನು, ನಾ ಹೇಳೂದು ಹೇಳೀನಿ" ಎಂದೆ.

ಮರುವರ್ಷ ಗಿರಿಜಾಳ ಫೋನಿಗೆ ಅವನ ಸಂದೇಶ ಬಂತು. ಗಂಡಸರು ಹೆಣ್ಣುವೇಷದಲ್ಲಿ ಸ್ಪರ್ಧಿಸುವ ಟಿ.ವಿ. ಕಾರ್ಯಕ್ರಮದ ಹೊಸ ಸೀಸನ್ ಶನಿವಾರ ಶುರು, ಅದರಲ್ಲಿ ತಾನಿದ್ದೇನೆ, ತೀರ್ಪುಗಾರ್ತಿ ಹೆಸರಾಂತ ಸಿನಿಮಾ ನಟಿ. ಮೊದಲ ಕಂತಿನಲ್ಲೇ ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆ. ಯಾರು ಉಳಿದರೆಂದು ಹೇಳುವಂತಿಲ್ಲ, ಚಾನೆಲ್ಲಿನವರ ಕಟ್ಟುನಿಟ್ಟು. "ಇದೊಂದು ದಾಟಿದರೆ ಇನ್ನು ವೇಷವೇ ನನ್ನ ಕೆಲಸ ಅಕ್ಕ" ಎಂದು ಬರೆದಿದ್ದ. ಗಿರಿಜಾ ದೇವರ ಮುಂದೆ ಎರಡು ದಿನ ಮುಂಚೆಯೇ ತುಪ್ಪದ ದೀಪ ಹಚ್ಚಿಬಿಟ್ಟಳು.

ಶನಿವಾರ ಸಂಜೆ ವಸಂತಕ್ಕ ಗೋಳಿಬಜೆ ಮಾಡಿಕೊಂಡು ಬಂದರು. ಅವರು ಒಳಗೆ ಬಂದ ಮೇಲೆ ನಾನು ಬಾಗಿಲ ಚಿಲಕ ಹಾಕಿ, ಕೂತು, ಎದ್ದು ಹೋಗಿ ಮತ್ತೊಮ್ಮೆ ಎಳೆದು ನೋಡಿದೆ. ಇಂಥದ್ದರಲ್ಲಿ ಅಸಡ್ಡೆ ಸಲ್ಲದು. ಗಿರಿಜಾ ಚಹಾ ಕೊಟ್ಟಳು, ಮೂಸಿ ನೋಡಿ ಕುಡಿದೆ. "ಡ್ಯಾಡ್, ನೋ ಕಾಮೆಂಟರಿ ಪ್ಲೀಸ್" ಎಂದಳು ಮಗಳು ಸಿಂಚನಾ. ಕಾರ್ಯಕ್ರಮ ಶುರುವಾಯಿತು.

ಸದಾನಂದ ವೇದಿಕೆಗೆ ಬಂದಾಗ ನಾವು ಗುರುತಿಸಿದ್ದು ಮೊದಲು ಸೀರೆಯನ್ನು. ಆಮೇಲೆ ಅವನನ್ನು. "ಇವ ನಮ್ಮ ಸದಾನಂದನಾ ಮಾರಾಯ್ರೆ! ಎಷ್ಟು ಚಂದ ಕಾಣ್ತಾನೆ!" ಎಂದು ವಸಂತಕ್ಕ ಗೋಳಿಬಜೆ ಕೈಯಲ್ಲೇ ಹಿಡಿದು ಕೂತರು. ನಿಜಕ್ಕೂ ಚೆಲುವಾಗಿದ್ದ. ಊರಿಗೆ ಹೊರಟ ಗಲ್ಫ್ ಗೃಹಿಣಿಯ ಪಾತ್ರ ಅವನದು. ಸೂಟ್‌ಕೇಸಿನ ತೂಕ ಹೆಚ್ಚಾಗಿದೆ. ತಕ್ಕಡಿಯ ಮೇಲಿಡುತ್ತಾಳೆ, ಗಂಡನ ಅಂಗಿ ತೆಗೆಯುತ್ತಾಳೆ, ಹಾಲಿನ ಪುಡಿಯ ಡಬ್ಬ ತುರುಕುತ್ತಾಳೆ. ಬಾಗಿಲು ಹಾಕಿ ಹೊರಡುತ್ತಾಳೆ, ತಿರುಗಿ ಬಂದು ಚಿಲಕ ಎಳೆಯುತ್ತಾಳೆ, ಮತ್ತೆ ಎಳೆಯುತ್ತಾಳೆ. ವಿಮಾನದಲ್ಲಿ ಕೊಟ್ಟ ಚಹಾ ಮೂಸುತ್ತಾಳೆ, ಎ.ಸಿ.ಯ ಗಾಳಿಯನ್ನು ಪಕ್ಕದವರ ಕಡೆ ತಿರುಗಿಸುತ್ತಾಳೆ, ಗಗನಸಖಿಗೆ ಸೀಟಿನ ಮೇಲಿನ ಪುಡಿ ತೋರಿಸುತ್ತಾಳೆ. ಕೊನೆಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕತ್ತು ವಾರೆ ಮಾಡಿ, "ನನಗೇನು, ನಾ ಹೇಳೂದು ಹೇಳೀನಿ!" ಎನ್ನುತ್ತಾಳೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ನಾನು ಮಾತ್ರ ನಗಲಿಲ್ಲ. ಸಾಕ್ಷಾತ್ ಗಿರಿಜಾ! ಇಳಕಲ್ ಸೀರೆ, ನಮ್ಮ ಕಡೆಯ ಮಾತು, ಆ ಸೂಟ್‌ಕೇಸು. ತವರಿನ ಸೀರೆ ಕೊಟ್ಟವಳನ್ನೇ ನಾಡಿನ ಮುಂದೆ ಹೀಗೆ ನಗೆಗೀಡು ಮಾಡುವುದೇ? ಆಕೆಯ ಮುಖ ನೋಡಿದೆ. ಮೂಗು ಕೆಂಪಾಗಿರಲಿಲ್ಲ, ತುಟಿ ಮಾತ್ರ ಬಿಗಿದಿತ್ತು. ಹತ್ತಿರ ಸರಿದು, "ಮನಸಿಗೆ ಹಚ್ಕೋಬ್ಯಾಡ, ಹುಡುಗ ತಿಳೀದ ಮಾಡ್ಯಾನ" ಎಂದೆ. ತುಟಿ ಇನ್ನೂ ಬಿಗಿಯಾಯಿತು. ಪಾಪ, ಎಷ್ಟು ನೊಂದಿದ್ದಾಳೋ ಎಂದುಕೊಂಡೆ.

ಅಷ್ಟರಲ್ಲಿ ತೀರ್ಪುಗಾರ್ತಿ ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಈ ಹೆಂಗಸನ್ನ ಎಲ್ಲಿ ನೋಡಿದ್ರಿ? ನಿಮ್ಮ ಅಮ್ಮನಾ, ಅತ್ತಿಗೆನಾ?"

ಸದಾನಂದ ಸೆರಗು ಸರಿಮಾಡಿಕೊಂಡು ಕೈಮುಗಿದ. "ಹೆಂಗಸಲ್ಲ ಮೇಡಂ. ಮಸ್ಕತ್ತಿನಲ್ಲಿ ನಮ್ಮ ಪಾಟೀಲ್ ಸರ್ ಅಂತ ಇದ್ದಾರೆ. ನಾನು ದಿನಾ ಅವರ ಕಾರಿನ ಹಿಂದಿನ ಸೀಟಲ್ಲಿ ಕೂತು ನೋಡಿ ಕಲ್ತದ್ದು. ಸೀರೆ ಮಾತ್ರ ಅವರ ಹೆಂಡತಿದು."

ಪಾಟೀಲ ಎಂದರೆ ನಾನು. ಟಿ.ವಿ.ಯಲ್ಲಿ ನಟಿ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸದಾನಂದ ಉಳಿದ, ಅವನು ಅಲ್ಲಿ ಅಳುತ್ತಿದ್ದ. ಆದರೆ ನಮ್ಮ ಮನೆಯಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗಿರಿಜಾ ಅಷ್ಟು ಹೊತ್ತು ತಡೆದಿಟ್ಟ ನಗೆ ಒಮ್ಮೆಲೇ ಹೊರಬಂತು. "ಹೋಗೂಮುಂದನ ಕೇಳಿದ್ದ ರೀ, 'ಅಕ್ಕ, ಸರ್ ಪಾತ್ರ ಮಾಡಬಹುದಾ' ಅಂತ. ಭೇಷಾಗಿ ಮಾಡು ಅಂದಿದ್ದೆ" ಎಂದಳು, ಕಣ್ಣಲ್ಲಿ ನೀರು ಸುರಿಸುತ್ತ. "ಡ್ಯಾಡ್, ಯೂ ಆರ್ ಫೇಮಸ್!" ಎಂದಳು ಸಿಂಚನಾ.

ಫೋನ್ ಬಂತು. ಸದಾನಂದ. "ಸರ್, ಬೇಜಾರಾಯ್ತಾ?" ಎಂದ. ಬೇಜಾರೇ? ಹುಡುಗ ಗೆದ್ದದ್ದು ನನಗೂ ಖುಷಿಯೇ. ಆದರೂ ತಪ್ಪನ್ನು ತಿದ್ದದೆ ಬಿಡುವುದು ಹೇಗೆ? "ಬೇಜಾರೇನೂ ಇಲ್ಲೋ. ಆದ್ರ ಚಿಲಕ ನಾ ಒಂದ ಸಲ ಎಳದು ನೋಡ್ತೀನಿ, ನೀ ಎರಡ ಸಲ ಎಳದಿ. ಮುಂದಿನ ಕಂತಿನ್ಯಾಗ ಸರಿ ಮಾಡ್ಕೋ. ನನಗೇನು, ನಾ..." ಎಂದು ಕತ್ತು ವಾರೆ ಮಾಡಿದವನು ಅಲ್ಲಿಗೇ ನಿಂತೆ.

ಉಳಿದದ್ದನ್ನು ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೇ ಹೇಳಿ ಮುಗಿಸಿದರು. ಫೋನಿನ ಆ ಕಡೆಯಿಂದಲೂ ಒಂದು ದನಿ ಸೇರಿಕೊಂಡಿತ್ತು.