ಸಾರಥಿ ಇಲ್ಲದ ಕುಣಿತ

ಹೊಸತನದ ಹುಚ್ಚು ಹಿಡಿದವನಿಗೆ ಮನೆಯಲ್ಲಿ ಯಾರೂ ಹೆದರುವುದಿಲ್ಲ. ಕುಡಿತದ ಹುಚ್ಚಿನವನನ್ನು ಕಂಡರೆ ದೂರ ಸರಿಯುತ್ತಾರೆ, ಸನ್ಯಾಸದ ಹುಚ್ಚಿನವನಿಗೆ ಕೈ ಮುಗಿಯುತ್ತಾರೆ. ಹೊಸತನದ ಹುಚ್ಚಿನವನಿಗೆ ಮಾತ್ರ "ಮೊದಲ ಊಟಾ ಮಾಡ್ರಿ, ಆಮ್ಯಾಲ ನೋಡೂಣು" ಎಂದುಬಿಡುತ್ತಾರೆ. ನನಗೆ ಈ ಹುಚ್ಚು ಹತ್ತಿದ್ದು ಬೈಲಹೊಂಗಲದ ಕನ್ನಡ ಶಾಲೆಯಲ್ಲಿ ಎರಡನೆಯ ಮಾಸ್ತರನಾಗಿ ಸೇರಿದ ಮೇಲೆ. ಹುಡುಗರಿಂದ ಮಗ್ಗಿಯನ್ನು ಕೊನೆಯಿಂದ ಮೊದಲಿಗೆ ಹೇಳಿಸಿದೆ. ತಪಾಸಣೆಗೆ ಬಂದ ಸಾಹೇಬರು ತಮಗೇ ಏನೋ ಆಗಿದೆಯೆಂದು ತಿಳಿದು ನೀರು ಕೇಳಿದರು. ಪ್ರಾಸವಿಲ್ಲದ ಪದ್ಯ ಬರೆದೆ. ಮಡದಿ ಅದನ್ನು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದಳು. ಆ ವರ್ಷ ಉಪ್ಪಿನಕಾಯಿ ಕೆಡಲಿಲ್ಲ ಎಂಬುದೇ ಆ ಪದ್ಯಕ್ಕೆ ದೊರೆತ ಏಕೈಕ ಮನ್ನಣೆ.

ಈಗ ಹೇಳುವುದು ಕುಣಿತದ ಸಂಗತಿ. ಅದು ನಡೆದದ್ದು ಪ್ಲೇಗಿಗಾಗಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವಲ್ಲ, ಅದರ ಮರುವರ್ಷ. ಮಡದಿ ನೀಲವ್ವ "ಮರುವರ್ಷ ಅಲ್ಲ, ಅದರ ಮುಂದಿನ ವರ್ಷ" ಎನ್ನುತ್ತಾಳೆ. ಇಬ್ಬರಲ್ಲಿ ಯಾರದು ಸರಿಯೋ ಗೊತ್ತಿಲ್ಲ. ಈ ಸಂಗತಿಯನ್ನು ನಾನು ಶಾಲೆಯ ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ಹೇಳುತ್ತ ಹೇಳುತ್ತ ಸೇರಿಕೊಂಡದ್ದು ಎಂಬುದು ನನಗೇ ತಿಳಿಯದಾಗಿದೆ. ನೆನಪು ಎನ್ನುವುದು ಒಗೆದು ಮಡಿಸಿಟ್ಟ ಧೋತರದ ಹಾಗೆ ಬಂದಾಗಲೆಲ್ಲ ನನಗೆ ಸಂಶಯ ಬರುತ್ತದೆ: ಇಷ್ಟು ನೀಟಾಗಿ ಯಾವುದೂ ನಡೆಯುವುದಿಲ್ಲ.

ನಮ್ಮೂರಿನಲ್ಲಿ ಮೌಲಾಸಾಬ ಎಂಬ ಪಿಂಜಾರನಿದ್ದ. ಹಗಲು ಹತ್ತಿ ಹಿಂಜುವುದು ಅವನ ಕಸುಬು, ದೊಡ್ಡಾಟದಲ್ಲಿ ರಾಜನ ಪಾತ್ರ ಅವನ ಹೆಮ್ಮೆ. ಆರಡಿ ಎತ್ತರ, ಕೋರೆಮೀಸೆ. ಅವನು ಹೆಜ್ಜೆ ಹಾಕಿದರೆ ಆಟಕ್ಕೆ ಕಟ್ಟಿದ ಅಟ್ಟದ ಹಲಗೆಗಳು ಮೊಳೆ ಬಿಡುತ್ತಿದ್ದವು. ಒಂದು ದಿನ ಗಾದಿ ಹಿಂಜಿಸಲು ಅವನ ಅಂಗಡಿಗೆ ಹೋದವನು ನಿಂತಲ್ಲೇ ನಿಂತೆ. ಬಿಲ್ಲಿನ ತಂತಿ ತುಂಯ್ ತುಂಯ್ ಎನ್ನುತ್ತಿತ್ತು, ಹತ್ತಿ ಹಾರುತ್ತಿತ್ತು, ಅದರ ನಡುವೆ ಮೌಲಾಸಾಬನ ಭುಜ, ಸೊಂಟ, ಹಿಮ್ಮಡಿ ಒಂದೇ ಲೆಕ್ಕದಲ್ಲಿ ತೂಗುತ್ತಿದ್ದವು. ಇದೇ ಕುಣಿತವಲ್ಲವೇ ಎನ್ನಿಸಿತು. ಇದಕ್ಕೆ ಕಿರೀಟ ಯಾಕೆ ಬೇಕು, ರಾಕ್ಷಸನನ್ನು ಕೊಲ್ಲುವುದು ಯಾಕೆ ಬೇಕು? ಮನುಷ್ಯ ಕೆಲಸ ಮಾಡುವುದೇ ಕುಣಿತ. ಕತೆ ಎಂಬುದು ಅದರ ಮೇಲೆ ಹೊದಿಸಿದ ಕಂಬಳಿ.

ಗಾದಿಯನ್ನು ಅಲ್ಲೇ ಮರೆತು ಹತ್ತಿ ಕೊಂಡು ಮಾರುವ ಅಡತಿಯ ಸಾವಕಾರರಲ್ಲಿಗೆ ಹೋದೆ. ಅವರಿಗೆ ಊರಿನಲ್ಲಿ ಹಿಂದೆ ಯಾರೂ ಮಾಡದ್ದನ್ನು ತಮ್ಮ ಅಂಗಳದಲ್ಲಿ ಮಾಡಿಸಬೇಕೆಂಬ ಚಪಲ. ಅರ್ಧ ಗಂಟೆಯಲ್ಲಿ ಎಲ್ಲವೂ ಗೊತ್ತಾಯಿತು: ಬರುವ ನಾಲ್ಕು ರವಿವಾರ, ನಾಲ್ಕು ಊರು, ನಾಲ್ಕು ಹೊಸ ಕುಣಿತ. ಹಸ್ತಪತ್ರಿಕೆ ಬರೆಯುವ ಕೆಲಸ ನನ್ನದು. ನಾಲ್ಕರಲ್ಲಿ ಮೂರು ಕುಣಿತಗಳನ್ನು ಆಗ ನಾನೂ ನೋಡಿರಲಿಲ್ಲ, ಅವು ಹುಟ್ಟಿಯೂ ಇರಲಿಲ್ಲ. ಆದರೂ ಬರೆದದ್ದು ಹೀಗೆ:

ನೂತನ ನೃತ್ಯಗಳು! ನೂತನ ನೃತ್ಯಗಳು!
ಬೈಲಹೊಂಗಲದಲ್ಲಿ ಹತ್ತಿ ಹಿಂಜುವ ಕುಣಿತ.
ಕಿತ್ತೂರಿನಲ್ಲಿ ನೀರು ಸೇದುವ ಕುಣಿತ.
ಸವದತ್ತಿಯಲ್ಲಿ ಗುಡ್ಡ ಹತ್ತುವ ಕುಣಿತ.
ರಾಮದುರ್ಗದಲ್ಲಿ ಮಗ್ಗದ ಕುಣಿತ.
ಹಗಲು ಹೊತ್ತಿನಲ್ಲಿಯೇ, ಬರುವ ನಾಲ್ಕು ರವಿವಾರ.
ಕತೆ ಇಲ್ಲ, ಕಿರೀಟ ಇಲ್ಲ, ಸಾರಥಿ ಇಲ್ಲ.
ಎಲ್ಲರೂ ಬರಬೇಕು.

ಏಳನೆಯ ಸಾಲನ್ನು ಬರೆದು ಮುಗಿಸಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಟಾಕು ಮಸಿಕುಡಿಕೆಯಲ್ಲಿ ಬಿದ್ದದ್ದೂ ತಿಳಿಯಲಿಲ್ಲ. ನನ್ನ ಮಾವನೇ ಸಾರಥಿ ಎಂಬುದು ನೆನಪಾದದ್ದು ಕಾಗದಗಳೆಲ್ಲ ಬೆಳಗಾವಿಯ ಛಾಪಖಾನೆಯಿಂದ ಕಟ್ಟುಕಟ್ಟಾಗಿ ಬಂದ ಮೇಲೆ.

ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ಅಟ್ಟದ ಒಂದು ಬದಿಗೆ ನಿಂತು, ಒಳಗಿನಿಂದ ಯಾರೇ ಕುಣಿಯುತ್ತ ಬರಲಿ, ಅವರನ್ನು ತಡೆದು "ಈ ರಂಗಸಭೆಗೆ ಬಂದಂಥಾ ತಾವು ದಾರು? ತಮ್ಮ ನಾಮಾಂಕಿತವೇನು?" ಎಂದು ಕೇಳುವವನು. ಅವನು ಕೇಳಿದ ಮೇಲೆ ರಾಜ ತನ್ನ ಹೆಸರು ಹೇಳುತ್ತಾನೆ. ಹೆಸರು ಹೇಳಿದ ಮೇಲೆಯೇ ನಿಜವಾದ ಕುಣಿತ. ನನ್ನ ಮಾವ ಬಸಲಿಂಗಪ್ಪ ಸಂಪಗಾಂವದ ಮೇಳದಲ್ಲಿ ಮೂವತ್ತು ವರ್ಷ ಇದನ್ನು ಕೇಳಿದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ಮುಂಬಾಗಿಲ ಕಟ್ಟೆಯ ಮೇಲೆ ಕುಳಿತು, ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಹಾಲಿನವಳು ಬಂದರೆ "ಬಂದಂಥಾವರು ದಾರು?" "ನಾನ್ರಿ, ಹಾಲಿನ ಗಂಗವ್ವ." "ಏನ ಕಾರಣ ಬರೂಣಾತು?" "ಹಾಲ ಹಾಕಾಕ್ರಿ, ಮತ್ಯಾಕ!" ದಿನಾಲೂ ಬರುವ ಗಂಗವ್ವ ದಿನಾಲೂ ಉತ್ತರ ಕೊಡುತ್ತಿದ್ದಳು. ಶಾಲೆಯಿಂದ ದಣಿದು ಬಂದ ನಾನೂ ನನ್ನ ಮನೆಯ ಹೊಸ್ತಿಲಲ್ಲಿ ನಿಂತು ನಾನು ಯಾರೆಂದು ಹೇಳಿ ಒಳಗೆ ಹೋಗುತ್ತಿದ್ದೆ.

ಮಾವನಿಗೆ ಓದು ಬರಹ ಬರುತ್ತಿರಲಿಲ್ಲ. ಇದು ನನ್ನ ಪುಣ್ಯವೆಂದು ತಿಳಿದಿದ್ದೆ. ಆದರೆ ಒಂದು ಸಂಜೆ ಅವರು ಹಸ್ತಪತ್ರಿಕೆಯೊಂದನ್ನು ಮೊಣಕಾಲ ಮೇಲೆ ಹರಡಿಕೊಂಡು ನನ್ನನ್ನು ಕರೆದರು.

"ಓದ್ರಿ ಅಳಿಯಂದ್ರ. ಊರ ಮಂದಿಗೆಲ್ಲಾ ಗೊತ್ತೈತಿ, ನಮ್ಮ ಮನ್ಯಾಗಿನ ಕಾಗದ ನಮಗ ಗೊತ್ತಿಲ್ಲ."

ಓದಿದೆ. ಆರನೆಯ ಸಾಲಿನಿಂದ ನೇರವಾಗಿ ಎಂಟನೆಯದಕ್ಕೆ ಹಾರಿ "ಎಲ್ಲರೂ ಬರಬೇಕು" ಎಂದು ಮುಗಿಸಿ ಎದ್ದೆ. ಮಾವನ ಬೆರಳು ಮಾತ್ರ ಏಳನೆಯ ಸಾಲಿನ ಮೇಲೆ ನಿಂತಿತ್ತು. ಅಕ್ಷರ ಬಾರದಿದ್ದರೇನು, ಮೂವತ್ತು ವರ್ಷ ಇಡೀ ಆಟವನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಬಾಯಿಪಾಠ ಮಾಡಿಕೊಂಡವರು.

"ಎಂಟ ಸಾಲ ಅದಾವು. ನೀವು ಏಳ ಓದಿದ್ರಿ."

"ಒಂದು ಸಾಲು ಸಣ್ಣದು ಮಾವಾರ."

"ಸಣ್ಣದಿದ್ರ ಓದಾಕ ಹಗುರ ಆತಲ್ಲ."

ಓದಿದೆ. ಇಲ್ಲಿ ನಾನು ಯಾವಾಗಲೂ "ಆಗ ಬೇವಿನ ಗಿಡದಲ್ಲಿ ಒಂದು ಕಾಗೆ ಕೂಗಿತು" ಎಂದು ಸೇರಿಸುತ್ತೇನೆ. ಕಾಗೆ ಇರಲಿಲ್ಲ. ಮಾವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. "ಚಲೋ ಆತು. ನಂದೂ ವಯಸ್ಸಾತು, ಗಂಟಲಕ್ಕ ವಿಶ್ರಾಂತಿ" ಎಂದರು. ಅಷ್ಟೇ. ಮರುದಿನದಿಂದ ಅವರು ಯಾರನ್ನೂ ಏನೂ ಕೇಳಲಿಲ್ಲ.

ಒಬ್ಬ ಮನುಷ್ಯ ಸುಮ್ಮನಾದರೆ ಒಂದು ಮನೆಯ ಕೆಲಸ ಹೀಗೆ ನಿಂತುಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗಂಗವ್ವ ಹಾಲಿನ ಚರಿಗೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಕಟ್ಟೆಯ ಮೇಲಿನ ಮುದುಕರು ಕೇಳಲೊಲ್ಲರು, ಕೇಳದೆ ಇವಳು ಒಳಗೆ ಬರಲೊಲ್ಲಳು. ಹಾಲು ಒಡೆಯಿತು. ಟಪಾಲಿನವನು ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಬಂದ. ನಾನೂ ಎರಡು ದಿನ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಕಳ್ಳನ ಹಾಗೆ ಒಳಗೆ ಹೋದೆ. ಮೂರನೆಯ ದಿನ ಊಟಕ್ಕೆ ಕುಳಿತಾಗ ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಾತು ತೆಗೆದಳು.

"ಅಪ್ಪಗ ಆ ಅಟ್ಟದ ಮ್ಯಾಲ ನಿಲ್ಲಾಕ ಒಂದ ಮಾರು ಜಾಗಾ ಇಲ್ಲೇನ್ರಿ?"

"ಜಾಗದ ಪ್ರಶ್ನೆ ಅಲ್ಲ ನೀಲಾ. ಇದು ಹೊಸ ಕುಣಿತ. ಇದರಾಗ ಪಾತ್ರನ ಇಲ್ಲ. ಪಾತ್ರ ಇಲ್ಲದ ಮ್ಯಾಲ ಯಾರನ್ನ ಏನಂತ ಕೇಳೂದು?"

"ಅದೆಲ್ಲಾ ನನಗ ತಿಳಿಯಾಂಗಿಲ್ಲ. ಅಪ್ಪ ಮೂರ ದಿನದಿಂದ ಅರ್ಧ ರೊಟ್ಟಿ ಉಣ್ಣಾಕ ಹತ್ಯಾನ. ರವಿವಾರ ಅಂವ ಅಟ್ಟದ ಮ್ಯಾಲ ಇರಲಿಲ್ಲಂದ್ರ, ಸೋಮವಾರ ನಾನೂ ಅಪ್ಪನೂ ಸಂಪಗಾಂವಕ್ಕ ಹೋಗತೇವಿ. ರೊಟ್ಟಿ ನೀವ ಬಡಕೋರಿ. ಅದಕ್ಕೂ ತಾಳ ಐತಿ ಅಂತಿದ್ರೆಲ್ಲ."

ಅಂದಿದ್ದೆ, ನಿಜ. ರೊಟ್ಟಿ ಬಡಿಯುವುದನ್ನು ಐದನೆಯ ಕುಣಿತವಾಗಿ ಸೇರಿಸಬೇಕೆಂದೂ ಇದ್ದೆ. ಆ ವಿಚಾರವನ್ನು ಅಲ್ಲಿಯೇ ಕೈಬಿಟ್ಟೆ. ಆದರೆ ಸಾರಥಿಯನ್ನು ಸೇರಿಸಲು ಮನಸ್ಸು ಒಪ್ಪಲಿಲ್ಲ. ಹೆಂಡತಿಗಾಗಿ ತತ್ವ ಬಿಟ್ಟ ಎಂದು ಮುಂದಿನವರು ಆಡಿಕೊಂಡಾರು ಎಂಬ ಭಯ. ಮುಂದಿನವರು ಎಂದರೆ ಯಾರು ಎಂದು ಆಗ ನಾನು ಯೋಚಿಸಿರಲಿಲ್ಲ.

ರವಿವಾರ ಬಂತು. ಮಧ್ಯಾಹ್ನ ನಾಲ್ಕು ಗಂಟೆ, ಸುಡುಬಿಸಿಲು. ಹಗಲಿನಲ್ಲಿ ಆಟವೆಂದರೆ ಹೇಗಿರುತ್ತದೋ ಎಂಬ ಕುತೂಹಲಕ್ಕೇ ಊರೆಲ್ಲ ಬಂದಿತ್ತು. ಗಂಡಸರು ಹತ್ತಿ ತುಂಬಿದ ಅಂಡಿಗೆಗಳ ಮೇಲೆ, ಹೆಂಗಸರು ಅಡತಿಯ ಮಾಳಿಗೆಯ ಮೇಲೆ. ನೀಲವ್ವನೂ ಅಲ್ಲೇ ಕುಳಿತಿದ್ದಳು, ಮೊಣಕಾಲ ಮೇಲೆ ಗಂಟು. ಅದರಲ್ಲಿ ಏನಿದೆಯೆಂದು ನಾನು ಕೇಳಲಿಲ್ಲ. ಮಾವ ಮುಂದಿನ ಸಾಲಿನಲ್ಲಿ, ಆಟದ ದಿನ ಸುತ್ತುವ ಕೆಂಪು ರುಮಾಲು ಸುತ್ತಿಕೊಂಡು, ತುಟಿ ಬಿಗಿಹಿಡಿದು ಕುಳಿತಿದ್ದರು.

ಮದ್ದಲೆ ಎದ್ದಿತು. ಮೌಲಾಸಾಬ ಬಿಲ್ಲು ಹಿಡಿದು, ದಿನದ ಅಂಗಿಯಲ್ಲಿಯೇ, ಮೂರು ಹೆಜ್ಜೆಗೆ ಅಟ್ಟವನ್ನು ನಡುಗಿಸಿ ನಡುವೆ ಬಂದು ನಿಂತ. ಜನ "ಭಲೆ!" ಎಂದರು. ಮೌಲಾಸಾಬ ನಿಂತೇ ಇದ್ದ. ಮದ್ದಲೆಯವನು ಇನ್ನೊಂದು ಸುತ್ತು ಬಾರಿಸಿದ. ಮೌಲಾಸಾಬ ಎದೆ ಉಬ್ಬಿಸಿ, ಗದ್ದ ಎತ್ತಿ, ಅಟ್ಟದ ಎಡಬದಿಗೆ ನೋಡುತ್ತಿದ್ದ. ಮೂರನೆಯ ಸುತ್ತು. ನಾಲ್ಕನೆಯದು. ಅಂಡಿಗೆಗಳ ಮೇಲಿನಿಂದ ಯಾರೋ "ಇದ ಏನ ಹೊಸಾ ಕುಣಿತ? ನಿಲ್ಲೂದು?" ಎಂದರು. ಇನ್ನೊಬ್ಬರು "ಚಲೋ ಐತಿ ಬಿಡ್ರಿ, ನಮ್ಮ ಎತ್ತೂ ಇದನ್ನ ದಿನಾ ಕುಣಿತೈತಿ" ಎಂದರು.

ನಾನು ಅಟ್ಟದ ಕೆಳಗಿನಿಂದ ಪಿಸುಗುಟ್ಟಿದೆ: "ಮೌಲಾಸಾಬ, ಸುರು ಮಾಡಪಾ!"

ತುಟಿ ಅಲುಗಿಸದೆ ಅವನು ಹೇಳಿದ: "ಹೆಂಗ ಮಾಡ್ಲಿರಿ ಮಾಸ್ತರ? ಯಾರೂ ಕೇಳಲೇ ಇಲ್ಲ."

"ತಾಲೀಮಿನ್ಯಾಗ ಮಾಡಿದೆಲ್ಲೋ!"

"ತಾಲೀಮಿನ್ಯಾಗ ನೀವ ಕೇಳತಿದ್ರೆಲ್ಲರಿ."

ಹೌದು. ದಿನಾಲೂ ಅವನ ಅಂಗಡಿಗೆ ಹೋಗಿ "ಏನಪಾ, ಯಾರ ಅದೀರಿ, ಮೌಲಾಸಾಬನೇನು? ತಯಾರೇನು?" ಎಂದು ಕೇಳುತ್ತಿದ್ದೆ. "ಹೌದ್ರಿ, ನಾನ" ಎಂದು ಅವನು ಸುರುಮಾಡುತ್ತಿದ್ದ. ಮಾವನ ಕೆಲಸವನ್ನು ಅಷ್ಟೂ ದಿನ ನಾನೇ ಮಾಡಿದ್ದೆ, ನನಗೇ ತಿಳಿಯದಂತೆ. ಹಾಗಾದರೆ ಈಗಲೂ ಕೇಳಿಬಿಡೋಣ ಎಂದು ಅಟ್ಟ ಹತ್ತಿದೆ. ಅಷ್ಟು ಜನರ ಎದುರು ದಿನಾಲೂ ನೋಡುವ ಮನುಷ್ಯನನ್ನು ನೀನು ಯಾರು ಎಂದು ಕೇಳಲು ಎಷ್ಟು ಧೈರ್ಯ ಬೇಕೆಂಬುದು ಆಗ ಗೊತ್ತಾಯಿತು. ಮಾವನ ಕಡೆ ನೋಡಿ ಕೈ ಜೋಡಿಸಿದೆ. ಮಾಳಿಗೆಯ ಮೇಲೆ ನೀಲವ್ವ ಗಂಟನ್ನು ಬಗಲಿಗೆ ಏರಿಸಿ ನಿಂತಿದ್ದಳು.

ಮಾವ ಎದ್ದರು. ಅವಸರ ಮಾಡಲಿಲ್ಲ. ರುಮಾಲು ಸರಿಪಡಿಸಿಕೊಂಡು ಅಟ್ಟ ಹತ್ತಿ, ಎಡಬದಿಗೆ ತಮ್ಮ ಒಂದು ಮಾರು ಜಾಗದಲ್ಲಿ ನಿಂತು, ಮೌಲಾಸಾಬನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಭಲೆ! ಈ ರಂಗಸಭೆಗೆ ಬಂದಂಥಾ ತಾವು ದಾರು? ತಮ್ಮ ನಾಮಾಂಕಿತವೇನು?"

ನಾನು ಸ್ಪಷ್ಟವಾದ ದನಿಯಲ್ಲಿ ನನ್ನ ಹೆಸರು, ಶಾಲೆ, ಕಲಿಸುವ ಇಯತ್ತೆ ಎಲ್ಲವನ್ನೂ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

"ಏನ ಕಾರಣ ಬರೂಣಾತು?"

"ಕುಣಿತ ಸುರು ಮಾಡಸಾಕ್ರಿ ಮಾವಾರ."

"ಕತಿ ಏನು?"

"ಕತಿ ಇಲ್ರಿ."

"ಕತಿ ಇಲ್ಲ, ಕಿರೀಟ ಇಲ್ಲ, ಸಾರಥಿ ಇಲ್ಲ. ಮತ್ತ ಇಷ್ಟ ಯಾಕ ಬೆವತೀರಿ? ಕೆಳಗ ಇಳೀರಿ, ನೆಳ್ಳಾಗ ಕುಂದರ್ರಿ."

ಇಳಿದೆ. ಮಾವ ಈಗ ಮೌಲಾಸಾಬನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಮೌಲಾಸಾಬ ರಾಜಗಾಂಭೀರ್ಯದಿಂದ ಬಾಯಿ ತೆರೆದವನು ಹಾಗೇ ನಿಂತ. ಹೇಳಲು ರಾಜನ ಹೆಸರು ಇರಲಿಲ್ಲ. ತನ್ನ ಅಂಗಿ ನೋಡಿಕೊಂಡ, ಬಿಲ್ಲು ನೋಡಿಕೊಂಡ. ಆಮೇಲೆ, ಆ ದೊಡ್ಡ ಮೈಯಿಂದ ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ನಾನ್ರಿ... ಮೌಲಾಸಾಬ. ಇದ ಊರಾಂವ. ಹತ್ತಿ ಹಿಂಜತೇನಿ" ಎಂದ. ಇಪ್ಪತ್ತು ವರ್ಷ ಅಟ್ಟದ ಮೇಲೆ ಪರರ ಹೆಸರು ಹೇಳಿಕೊಂಡು ಕುಣಿದವನು ತನ್ನ ಹೆಸರು ಹೇಳಿದ್ದು ಅದೇ ಮೊದಲು. "ಭಲೆ ಮೌಲಾಸಾಬ!" ಎಂದರು ಮಾವ. ಆಮೇಲೆ ಅವನು ಕುಣಿದ. ಹೇಗೆ ಕುಣಿದ ಎಂದು ಬರೆಯಲಾರೆ. ಬರೆದರೆ ಚಂದವಾಗಿಬಿಡುತ್ತದೆ, ಚಂದವಾದದ್ದರ ಮೇಲೆ ನನಗೆ ನಂಬಿಕೆಯಿಲ್ಲ. ಎರಡು ಹಲಗೆ ಮುರಿದವು ಎಂಬುದು ಮಾತ್ರ ಖರೆ, ಮರುದಿನ ನಾನೇ ಬಡಗಿಯನ್ನು ಕರೆತಂದೆ.

ಸೋಮವಾರ ನೀಲವ್ವ ಎಲ್ಲಿಗೂ ಹೋಗಲಿಲ್ಲ. ಗಂಟಿನಲ್ಲಿದ್ದದ್ದು ಮಾವನ ಆಟದ ನಿಲುವಂಗಿ ಎಂದು ಆಮೇಲೆ ಹೇಳಿದಳು. ನಾನು ಕರೆದೇ ಕರೆಯುತ್ತೇನೆಂದು ಆಕೆಗೆ ಗೊತ್ತಿತ್ತಂತೆ. ಮಾವ ಎರಡು ರೊಟ್ಟಿ ಉಂಡು ಕಟ್ಟೆಯ ಮೇಲೆ ಕುಳಿತು ಗಂಗವ್ವನನ್ನು ಯಾರೆಂದು ಕೇಳಿದರು. ನಾನು ಒಳಗೆ ಕುಳಿತು ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ಹೋಗಬೇಕಾದ ಒಂದೊಂದು ಹಸ್ತಪತ್ರಿಕೆಯಲ್ಲೂ ಏಳನೆಯ ಸಾಲಿನ ಕೊನೆಯ "ಇಲ್ಲ" ಹೊಡೆದು "ಉಂಟು" ಎಂದು ಬರೆದೆ. ಬೆರಳು ಮಸಿಯಾಯಿತು. ಆ ಮೂರೂ ಊರುಗಳಲ್ಲಿ ಜನ ಕುಣಿತಕ್ಕಿಂತ ಮೊದಲು "ಮಾಸ್ತರ ಎಲ್ಲೆದಾರ? ಅವರ್ನ ಮೊದಲ ಹತ್ತಸ್ರಿ, ಕೇಳೂಣು" ಎಂದು ಕೂಗಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಇಷ್ಟನ್ನು ಬರೆದು, ಸಂತೋಷದಿಂದ ನೀಲವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತ ಕೇಳಿದಳು. ಮುಗಿದ ಮೇಲೆ ಕೈ ನಿಲ್ಲಿಸಿ ಹೇಳಿದಳು:

"ಒಂದ ಸಾಲ ಬಿಟ್ರಿ."

"ಯಾವ ಸಾಲು?"

"ಅಪ್ಪ ಅಟ್ಟದ ಮ್ಯಾಲ ನಿಮ್ಮನ್ನ ಕೇಳಿದಾಗ ಹೆಸರು, ಸಾಲಿ, ಇಯತ್ತೆ ಎಲ್ಲಾ ಹೇಳೇನಿ ಅಂತ ಬರದೀರಿ. ಅದನ್ನೆಲ್ಲಾ ಯಾವಾಗ ಹೇಳಿದ್ರಿ? ಅಪ್ಪ ಎರಡ ಸಲ ಕೇಳಿದ. ನೀವು ಮಾಳಿಗಿ ಕಡೆ ನೋಡಿ, 'ನಾ ನೀಲವ್ವನ ಗಂಡ ರೀ' ಅಂದ್ರಿ. ಅದಕ್ಕ ಮಂದಿ ನಕ್ಕದ್ದು."

ಹಾಗೆ ಅಂದಿರಲಿಕ್ಕಿಲ್ಲ ಎಂದು ವಾದಿಸಿದೆ. ನೆನಪನ್ನು ಯಾರೂ ನಂಬಬಾರದೆಂದು ನನ್ನ ಸಿದ್ಧಾಂತವನ್ನು ಮತ್ತೊಮ್ಮೆ ವಿವರಿಸಿದೆ. "ಹೌದ್ರಿ, ಅದಕ್ಕ ನಾನೂ ನಂಬಲಿಲ್ಲ" ಎಂದಳು. ಸಾಲು ಎಣಿಸುವ ಮನೆತನದವಳು ಆಕೆ. ಇಗೋ, ಬಿಟ್ಟ ಸಾಲನ್ನೂ ಬರೆದಿದ್ದೇನೆ. ಒಳಗೆ ರೊಟ್ಟಿಯ ಸದ್ದು ಮತ್ತೆ ಸುರುವಾಗಿದೆ.